ಸತ್ಯಾಂಶ: ಆಸ್ಪತ್ರೆಗೆ ಕಟ್ಟಿದ ದುಡ್ಡೆಲ್ಲ ಡಾಕ್ಟರ್ ಜೇಬಿಗೇನಾ?

"ಆಸ್ಪತ್ರೆ ಏನೂ ತಯಾರಿಸಲ್ಲ, ಅಲ್ಲಿ ಕಟ್ಟಿದ ದುಡ್ಡೆಲ್ಲ ಡಾಕ್ಟರ್ ಜೇಬಿಗೆ, ಊರಿಗೆ ಬರೀ ನಷ್ಟ" ಅಂತ ಒಂದು ಫಾರ್ವರ್ಡ್ ಸುತ್ತಾಡ್ತಾನೇ ಇರುತ್ತೆ. ಇದು ಸರಿಯಿಲ್ಲ.

ಆಸ್ಪತ್ರೆ ಖರ್ಚಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಸಂಬಳದ್ದೇ, ಅದೂ ಡಾಕ್ಟರ್‌ಗಳಿಗಷ್ಟೇ ಅಲ್ಲ. ಒಂದು ಬೆಡ್‌ಶೀಟ್ ಕಥೆ ನೋಡಿ ಸಾಕು, ಪೇಷೆಂಟ್ ಡಿಸ್ಚಾರ್ಜ್ ಆದ ತಕ್ಷಣ ಆಯಾ ಅದನ್ನ ತೆಗೀತಾರೆ, ಲಾಂಡ್ರಿಯವರು ಬಿಸಿನೀರಲ್ಲಿ ಒಗೀತಾರೆ, ಸ್ಟೋರ್‌ನವರು ಲೆಕ್ಕ ಬರ್ಕೋತಾರೆ, ನರ್ಸ್ ಹಾಸಿದ್ಮೇಲೇ ಮುಂದಿನ ಪೇಷೆಂಟು, ಇಷ್ಟೂ ಜನ ತಮ್ಮ ಸಂಬಳನ ಬಾಡಿಗೆ, ದಿನಸಿ, ಸ್ಕೂಲ್ ಫೀಸು ಅಂತ ಬಹುಮಟ್ಟಿಗೆ ಅಲ್ಲೇ ಸುತ್ತಮುತ್ತ ಖರ್ಚು ಮಾಡೋದು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದ ಜಿಡಿಪಿಯ (ಅಂದ್ರೆ ವರ್ಷದ ಒಟ್ಟು ಉತ್ಪನ್ನದ) ಸುಮಾರು 10% ಆರೋಗ್ಯಕ್ಕೆ ಹೋಗುತ್ತೆ.

ಹಾಗಂತ "ದೊಡ್ಡಾಸ್ಪತ್ರೆ ಬಂದ್ರೆ ಊರು ಉದ್ಧಾರ" ಅನ್ನೋ ಉಲ್ಟಾ ಮೆಸೇಜನ್ನೂ ನಂಬಬೇಡಿ. ಸ್ಕ್ಯಾನಿಂಗ್ ಮಷೀನು, ಔಷಧಿ ದುಡ್ಡು ಬಹುಪಾಲು ಹೊರಗಡೆ ಹೋಗಿಬಿಡುತ್ತೆ. (ಸಾಲ ಮಾಡಿ ಬಿಲ್ ಕಟ್ಟಿದವರ ಮುಂದಂತೂ ಎಕಾನಮಿ ಪಾಠ ಬೇಡ ಮಾರಾಯ್ರೆ.) ಹೊರಗಿಂದ ಪೇಷೆಂಟ್ ಬಂದ್ರೆ ಊರಿಗೆ ಹೊಸ ದುಡ್ಡು, ಅಲ್ಲಿಯವರೇ ಕಟ್ಟಿದ್ರೆ ಬೇರೆ ಅಂಗಡಿಗೆ ಹೋಗ್ಬೇಕಿದ್ದ ದುಡ್ಡು ಜಾಗ ಬದಲಾಯಿಸ್ತು ಅಷ್ಟೆ.