ಬೈಯಪ್ಪನಹಳ್ಳಿ ಮೆಟ್ರೋ ಪಕ್ಕ ಇರೋದು ಟರ್ಮಿನಲ್ ಅಲ್ಲ

"ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಇಳಿದ್ರೆ ಪಕ್ಕದಲ್ಲೇ ವಿಶ್ವೇಶ್ವರಯ್ಯ ರೈಲ್ವೆ ಟರ್ಮಿನಲ್, ನಡ್ಕೊಂಡೇ ಹೋಗಿ" ಅಂತ ಒಂದು ಮೆಸೇಜ್ ಓಡಾಡ್ತಿದೆ, ನಾನೂ ಮೊನ್ನೆ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ್ದೆ, ಅದು ತಪ್ಪು, ಕ್ಷಮಿಸಿ. ಮೆಟ್ರೋ ಪಕ್ಕ ಇರೋದು ಹಳೇ ಬೈಯಪ್ಪನಹಳ್ಳಿ ಸ್ಟೇಷನ್ನು. 2022ರ ಜೂನ್‌ನಲ್ಲಿ ಶುರುವಾದ ಟರ್ಮಿನಲ್ ಬೇರೆನೇ, ಅಲ್ಲಿಂದ ಎರಡು ಕಿಲೋಮೀಟರ್ ಮೇಲಾಗುತ್ತೆ, ಲಗೇಜ್ ಹಿಡ್ಕೊಂಡು ನಡಿಯೋ ದಾರಿ ಅಲ್ಲ.

ಟಿಕೆಟ್ ಮೇಲಿರೋ ಸ್ಟೇಷನ್ ಕೋಡ್ ನೋಡಿದ್ರೆ ಗೊತ್ತಾಗುತ್ತೆ: ಎಸ್‌ಎಂವಿಬಿ ಅಂತಿದ್ರೆ ಟರ್ಮಿನಲ್, ಬಿವೈಪಿಎಲ್ ಅಂತಿದ್ರೆ ಮೆಟ್ರೋ ಪಕ್ಕದ್ದು. ನಿನ್ನೆ ಸಂಜೆ ಎರಡು ಸೂಟ್‌ಕೇಸ್, ಒಂದು ಅಕ್ಕಿ ಚೀಲ ಇಟ್ಕೊಂಡು ಒಬ್ರು ಅಜ್ಜಿ ಹಳೇ ಸ್ಟೇಷನ್ ಪ್ಲಾಟ್‌ಫಾರ್ಮಲ್ಲಿ ಕಾಯ್ತಿದ್ರು, ಅವರ ರೈಲು ಇದ್ದಿದ್ದು ಟರ್ಮಿನಲ್ಲಿಂದ. ತುಂಬಾ ಬೇಜಾರಾಯ್ತು.

ಮೆಟ್ರೋ ಇಳಿದು ಬಸ್ಸೋ ಆಟೋನೋ ಹಿಡೀರಿ, ಅರ್ಧ ಗಂಟೆ ಮುಂಚೆನೇ ಹೊರಡಿ. ಆ ಮೆಸೇಜ್ ದಯವಿಟ್ಟು ಇನ್ನು ಯಾರಿಗೂ ಕಳಿಸ್ಬೇಡಿ, ಕಳಿಸಿದ್ರೆ ಡಿಲೀಟ್ ಮಾಡಿ.