ಆಸ್ಟ್ರಿಯಾದ ತಟಸ್ಥ ನಿಲುವು, ಅಳಿಸಿಹೋದ ಒಂದು ಸಾಲು

ಆಸ್ಟ್ರಿಯಾ ಯಾವ ಸೇನಾ ಕೂಟಕ್ಕೂ ಸೇರದ ದೇಶ. ಅದರ ಈ ನಿಲುವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದು ಹುಟ್ಟಿದ ದಿನಗಳಲ್ಲೇ ಒಂದು ತಪ್ಪೂ ನಡೆಯಿತು. ಅದನ್ನು ಬಿಟ್ಟು ಬರೀ ಹೊಗಳುವುದು ಸರಿಯಲ್ಲ ಅನ್ನಿಸುತ್ತದೆ.

1918ರಲ್ಲಿ ಆಸ್ಟ್ರಿಯಾ-ಹಂಗೇರಿ ಎಂಬ ದೊಡ್ಡ ಸಾಮ್ರಾಜ್ಯ ಒಡೆದಾಗ ಉಳಿದ ಪುಟ್ಟ ಆಸ್ಟ್ರಿಯಾ ಬದುಕೀತು ಎಂದು ಅಲ್ಲಿನವರಿಗೇ ನಂಬಿಕೆ ಇರಲಿಲ್ಲ. ಜರ್ಮನಿಗೆ ಸೇರಿಬಿಡೋಣ ಅಂದವರೇ ಜಾಸ್ತಿ. ಯುದ್ಧ ಗೆದ್ದ ದೇಶಗಳು ಬಿಡಲಿಲ್ಲ. ಆಮೇಲೆ 1938ರಲ್ಲಿ ಹಿಟ್ಲರ್ ಬಂದು ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡ. ವಿಯೆನ್ನಾದ ಹೆಲ್ಡನ್‌ಪ್ಲಾಟ್ಸ್ ಚೌಕದಲ್ಲಿ ಲಕ್ಷಾಂತರ ಜನ ಸೇರಿ ಜೈಕಾರ ಹಾಕಿದರು. ಮುಂದಿನ ಏಳು ವರ್ಷಗಳಲ್ಲಿ ಸುಮಾರು 65,000 ಆಸ್ಟ್ರಿಯನ್ ಯಹೂದಿಗಳ ಕೊಲೆಯಾಯಿತು.

ಯುದ್ಧ ಮುಗಿದ ಮೇಲೆ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್ ಹತ್ತು ವರ್ಷ ಅಲ್ಲಿ ಸೈನ್ಯ ಇಟ್ಟುಕೊಂಡು ಕೂತವು. ಬಿಡುಗಡೆಯ ದಾರಿ ಹುಡುಕುತ್ತಿದ್ದ ವಿದೇಶಾಂಗ ಸಚಿವ ಕಾರ್ಲ್ ಗ್ರೂಬರ್ 1953ರಲ್ಲಿ ನೆಹರೂ ಅವರನ್ನು ಕಂಡು, ಮಾಸ್ಕೋ ಜೊತೆ ಮಾತಾಡಿ ಎಂದು ಕೇಳಿಕೊಂಡರು. ನಮ್ಮ ರಾಯಭಾರಿ ಕೆ.ಪಿ.ಎಸ್. ಮೆನನ್ ಅಲ್ಲಿ ಮಾತು ಮುಟ್ಟಿಸಿದರು. ಆಗ ಕೆಲಸ ಆಗಲಿಲ್ಲ. 1955ರ ಏಪ್ರಿಲ್‌ನಲ್ಲಿ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಯೂಲಿಯುಸ್ ರಾಬ್ ಅವರೇ ಮಾಸ್ಕೋಗೆ ಹೋಗಿ, ಸ್ವಿಟ್ಜರ್ಲೆಂಡಿನ ಹಾಗೆ ತಟಸ್ಥರಾಗಿರುತ್ತೇವೆ ಎಂದು ಒಪ್ಪಿ ಬಂದರು. ಮೇ 15ರಂದು ವಿಯೆನ್ನಾದ ಬೆಲ್ವೆಡೇರ್ ಅರಮನೆಯಲ್ಲಿ, ಆಸ್ಟ್ರಿಯಾವನ್ನು ಮತ್ತೆ ಸ್ವತಂತ್ರಗೊಳಿಸುವ ಒಪ್ಪಂದಕ್ಕೆ ನಾಲ್ಕೂ ದೇಶಗಳ ಮತ್ತು ಆಸ್ಟ್ರಿಯಾದ ಸಹಿ ಬಿತ್ತು.

ನನ್ನನ್ನು ಕಾಡುವುದು ಅದರ ಹಿಂದಿನ ದಿನ. ಹಿಟ್ಲರನ ಯುದ್ಧದಲ್ಲಿ ಆಸ್ಟ್ರಿಯಾಕ್ಕೂ ಹೊಣೆ ಇದೆ ಎಂಬ ಸಾಲು ಒಪ್ಪಂದದ ಕರಡಿನಲ್ಲಿತ್ತು. ಆಗಿನ ವಿದೇಶಾಂಗ ಸಚಿವ ಲಿಯೊಪೋಲ್ಡ್ ಫಿಗ್ಲ್ ಕೇಳಿ ಅದನ್ನು ತೆಗೆಸಿದರು. ಅವರೇ ನಾಜಿ ಕ್ಯಾಂಪಿನಲ್ಲಿ ವರ್ಷಗಟ್ಟಲೆ ನರಳಿದವರು. ಅವರ ನೋವು ಅರ್ಥವಾಗುತ್ತದೆ. ಆದರೆ ಆ ಸಾಲು ಹೋದದ್ದರಿಂದ ಜೈಕಾರ ಹಾಕಿದವರಿಗೂ 'ನಾವು ಬಲಿಪಶುಗಳು' ಎನ್ನುವುದು ಸುಲಭವಾಯಿತು.

ಅದೇ ವರ್ಷ ಅಕ್ಟೋಬರ್ 26ರಂದು ಸಂಸತ್ತು ತಟಸ್ಥ ನೀತಿಯ ಕಾನೂನು ಮಾಡಿತು. ಸ್ವಂತ ಇಚ್ಛೆಯಿಂದ ಎಂದೇ ಅದರಲ್ಲಿ ಬರೆದಿದೆ. ಒತ್ತಡದಲ್ಲಿ ಒಪ್ಪಿದ್ದು ನಿಜ, ಆದರೆ ಜನ ಅದನ್ನು ನಿಜವಾಗಿ ತಮ್ಮದಾಗಿಸಿಕೊಂಡರು. ಮರುವರ್ಷ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದಾಗ ಸುಮಾರು 1,80,000 ನಿರಾಶ್ರಿತರಿಗೆ ಆಸ್ಟ್ರಿಯಾ ಗಡಿ ತೆರೆಯಿತು. ತಟಸ್ಥ ಅಂದರೆ ಸುಮ್ನೆ ಕೂರುವುದಲ್ಲ, ಅಲ್ವಾ?

ಹಳೆಯ ಹೊಣೆ ಮಾತ್ರ ಹಾಗೇ ಉಳಿಯಿತು. 1986ರಲ್ಲಿ, ಹಿಂದೆ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕುರ್ಟ್ ವಾಲ್ಡ್‌ಹೈಮ್ ಹಿಟ್ಲರನ ಸೈನ್ಯದಲ್ಲಿನ ತಮ್ಮ ಯುದ್ಧಕಾಲದ ಸೇವೆಯನ್ನು ಪೂರ್ತಿ ಹೇಳಿರಲಿಲ್ಲ ಎಂದು ಬಯಲಾದರೂ ಅಧ್ಯಕ್ಷರಾಗಿ ಗೆದ್ದರು. ಆದರೆ ಆ ಗಲಾಟೆ ದೇಶದ ಬಾಯಿ ಬಿಡಿಸಿತು. 1991ರಲ್ಲಿ ಚಾನ್ಸಲರ್ ಫ್ರಾಂಟ್ಸ್ ವ್ರಾನಿಟ್ಸ್ಕಿ ಸಂಸತ್ತಿನಲ್ಲೇ ಹೊಣೆ ಒಪ್ಪಿಕೊಂಡರು.

ಈಗ ಫಿನ್ಲೆಂಡ್, ಸ್ವೀಡನ್ ಎರಡೂ ಪಶ್ಚಿಮ ದೇಶಗಳ ಸೇನಾ ಕೂಟವಾದ ನ್ಯಾಟೋ ಸೇರಿವೆ. ಆಸ್ಟ್ರಿಯಾ ಸೇರಿಲ್ಲ. ಸೇರಬಾರದು ಎಂದೇ ನನ್ನ ಅಭಿಪ್ರಾಯ. ಅಕ್ಟೋಬರ್ 26 ಅವರ ರಾಷ್ಟ್ರೀಯ ದಿನ. ಆ ದಿನ ಶಾಲೆಗಳಲ್ಲಿ 1955ರ ಜೊತೆಗೆ 1938ರ ಪಾಠವೂ ನಡೆಯಲಿ ಎಂಬುದಷ್ಟೇ ನನ್ನ ಆಸೆ.