ಮರವಂತೆಯಲ್ಲಿ ಬೆಳಿಗ್ಗೆ ಪಶ್ಚಿಮಕ್ಕೆ ತಿರುಗಿ ನಿಲ್ಲಿ

ಕರಾವಳಿಯ ಚಿತ್ರ ಎಂದರೆ ಸೂರ್ಯಾಸ್ತ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಂತಿದೆ. ಕಾರವಾರದಿಂದ ಉಳ್ಳಾಲದವರೆಗೆ ಯಾವ ಕಡಲತೀರಕ್ಕೆ ಹೋದರೂ ಸಂಜೆಯಾಗುತ್ತಿದ್ದಂತೆ ಮೊಬೈಲ್‌ಗಳೆಲ್ಲ ಪಡುವಣಕ್ಕೆ ಮುಖ ಮಾಡುತ್ತವೆ. ಬೆಳಿಗ್ಗೆ ಅದೇ ತೀರದಲ್ಲಿ ಮೀನುಗಾರರು ಮತ್ತು ನಡಿಗೆಗೆ ಬಂದ ಒಂದಿಬ್ಬರನ್ನು ಬಿಟ್ಟರೆ ಯಾರೂ ಇರುವುದಿಲ್ಲ. ಸೂರ್ಯ ಹುಟ್ಟುವುದು ಘಟ್ಟದ ಕಡೆ, ಆ ಹೊತ್ತಿಗೆ ಸಮುದ್ರದಲ್ಲಿ ನೋಡಲು ಏನಿದೆ ಎಂಬ ಭಾವನೆ. ನನಗಂತೂ ನಮ್ಮ ಕಡಲು ಅತ್ಯಂತ ಚೆಲುವಾಗಿ ಕಾಣುವುದು ಆಗಲೇ.

ಮರವಂತೆಯನ್ನೇ ತೆಗೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ನದಿ ಕಡಲಿನ ಮಗ್ಗುಲಿಗೇ ಬಂದರೂ ಇಲ್ಲಿ ಅದನ್ನು ಸೇರುವುದಿಲ್ಲ. ದಕ್ಷಿಣಕ್ಕೆ ಹರಿದು, ಗಂಗೊಳ್ಳಿಯ ಅಳಿವೆಯಲ್ಲಿ ಉಳಿದ ಹೊಳೆಗಳ ಜೊತೆ ಸೇರುತ್ತದೆ. ನಸುಕಿನಲ್ಲಿ ಬರುವ ಕೆಲವೇ ಛಾಯಾಗ್ರಾಹಕರು ನದಿಯತ್ತ, ಕೊಡಚಾದ್ರಿಯ ದಿಕ್ಕಿಗೆ ಟ್ರೈಪಾಡ್ ಹೂಡುತ್ತಾರೆ. ತಪ್ಪೇನಿಲ್ಲ. ಆದರೆ ಒಮ್ಮೆ ರಸ್ತೆ ದಾಟಿ ಬನ್ನಿ.

ಸೂರ್ಯ ಮೂಡಲು ಹತ್ತು ಹದಿನೈದು ನಿಮಿಷ ಇರುವಾಗ ಕಡಲಂಚಿನ ಮೇಲೆ ಬೂದು ನೀಲಿ ಪಟ್ಟಿಯೊಂದು ಕಾಣುತ್ತದೆ. ದೂರದ ಮೋಡ ಎನ್ನಿಸುತ್ತದೆ. ಅಲ್ಲ, ಅದು ಭೂಮಿಯ ನೆರಳು! ನಾವು ನಿಂತಿರುವ ಇದೇ ಭೂಮಿ ವಾತಾವರಣದ ಮೇಲೆ ಚೆಲ್ಲಿದ ನೆರಳು. ಅದರ ಮೇಲುಗಡೆ ತೆಳುಗುಲಾಬಿ. ಬೆನ್ನ ಹಿಂದಿನಿಂದ ವಾತಾವರಣದಲ್ಲಿ ಬಹುದೂರ ಹಾದುಬಂದ ಕೆಂಬೆಳಕು ಚದುರಿ ನಮ್ಮ ಕಡೆಗೆ ಮರಳುವುದರಿಂದ ಆ ಬಣ್ಣ. ಸೂರ್ಯ ಮೇಲೇರಿದಂತೆ ನೆರಳು ಕಡಲಿಗೆ ಇಳಿಯುತ್ತದೆ, ಗುಲಾಬಿಯೂ ಅದರ ಹಿಂದೆಯೇ ಕರಗುತ್ತದೆ. ಮಳೆ ಕಳೆದು ಆಕಾಶ ತಿಳಿಯಾಗುವ ನವೆಂಬರ್‌ನಿಂದ ಫೆಬ್ರವರಿಯವರೆಗೆ ಇದನ್ನು ನೋಡಲು ಒಳ್ಳೆಯ ಕಾಲ. ಹುಣ್ಣಿಮೆಯ ಬೆಳಗಾದರೆ ಚಂದ್ರನೂ ಅಲ್ಲೇ ಮುಳುಗುತ್ತಿರುತ್ತಾನೆ.

ರಾತ್ರಿಯಲ್ಲಿ ನೆಲ ನೀರಿಗಿಂತ ಬೇಗ ತಣಿಯುವುದರಿಂದ ಆ ಹೊತ್ತಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದಡದ ನೀರು ಮಧ್ಯಾಹ್ನದಷ್ಟು ಕದಡಿರುವುದಿಲ್ಲ. ಕಡಲಿನ ಇಳಿತವೂ ಕೂಡಿಬಂದರೆ ಆ ಗುಲಾಬಿಯೆಲ್ಲ ಒದ್ದೆ ಮರಳಿನ ಮೇಲೂ ಮೂಡುತ್ತದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹೊರಡುವ ಮೊದಲು ಅದರ ವೇಳೆ ನೋಡಿಕೊಳ್ಳಿ. ಬಿಸಿಲು ಬಂದ ಮೇಲೂ ಕ್ಯಾಮೆರಾ ಮುಚ್ಚಿಡಬೇಡಿ. ಪುಟ್ಟ ಏಡಿಗಳು ಮರಳನ್ನು ಬಾಯಾಡಿಸಿ, ತಿನ್ನುವುದನ್ನು ತಿಂದು, ಉಳಿದದ್ದನ್ನು ಸಾಸಿವೆಯಂಥ ಉಂಡೆ ಮಾಡಿ ಬಿಲದ ಸುತ್ತ ಸಾಲಾಗಿ ಇಟ್ಟಿರುತ್ತವೆ. ಓರೆ ಬಿಸಿಲಿಗೆ ಒಂದೊಂದು ಉಂಡೆಗೂ ಉದ್ದನೆಯ ನೆರಳು. ಮೊಣಕೈ ಊರಿ ಮಲಗಿದರೆ ಮಾತ್ರ ಅದು ಚಿತ್ರಕ್ಕೆ ಸಿಗುತ್ತದೆ. ಭರತ, ಅಂದರೆ ಕಡಲಿನ ಉಬ್ಬರ, ಬಂತೆಂದರೆ ಅಷ್ಟೂ ಮಾಯ.

ಇನ್ನು ನನಗೆ ನಿಜಕ್ಕೂ ಸಂಕಟವಾಗುವ ವಿಷಯ. 30 ಸೆಕೆಂಡ್ ಶಟರ್ ತೆರೆದಿಟ್ಟು ಅಲೆಗಳನ್ನೆಲ್ಲ ಬಿಳಿ ಮಂಜು ಮಾಡುವುದು ಈಗ ರೂಢಿ. ಹಾಗೆ ತೆಗೆದರೆ ಯಾವ ಊರಿನ ಕಡಲೂ ಒಂದೇ. ಅರ್ಧ ಸೆಕೆಂಡ್ ಸಾಕು. ಹಿಂದೆ ಸರಿಯುವ ನೀರು ಮರಳಿನ ಮೇಲೆ ಎಳೆಯುವ ಗೆರೆ ಉಳಿಯುತ್ತದೆ, ಅಲೆಯ ಬಿರುಸೂ ಗೊತ್ತಾಗುತ್ತದೆ. ತೆಳುಗುಲಾಬಿಯನ್ನು ಎಡಿಟಿಂಗ್‌ನಲ್ಲಿ ಕಿತ್ತಳೆಗೆ ತಿರುಗಿಸಿದರೆ ಬೆಳಿಗ್ಗೆ ಎದ್ದು ಹೋದದ್ದಕ್ಕೆ ಅರ್ಥವೇನು?

ಇದಕ್ಕಿಂತ ಕೆಟ್ಟದ್ದು ಅಳಿಸುವ ಚಟ. ದೋಣಿ, ಬಲೆ, ಹಗ್ಗ, ಮನುಷ್ಯರು, ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳು, ಎಲ್ಲವನ್ನೂ ಮೊಬೈಲ್‌ನಲ್ಲಿ ಒರೆಸಿಹಾಕಿ ‘ಪ್ರಶಾಂತ ಕಡಲತೀರ’ ಎಂದು ಹಾಕುತ್ತಾರೆ. ಹೆದ್ದಾರಿಯನ್ನು ಉಳಿಸಿಕೊಳ್ಳಲು ಹಾಕಿದ ಆ ಬಂಡೆಗಳೇ ಇಂದಿನ ಮರವಂತೆ. ಪ್ರತಿ ಮಳೆಗಾಲದಲ್ಲಿ ಅಲೆ ಮರಳನ್ನು ಒಯ್ಯುತ್ತದೆ, ಬೇಸಿಗೆಯ ಹೊತ್ತಿಗೆ ಒಂದಷ್ಟನ್ನು ತಂದು ಹಾಕುತ್ತದೆ. ಹೋದ ವರ್ಷ ನಿಂತಿದ್ದ ಜಾಗ ಈ ವರ್ಷ ಹಾಗೆಯೇ ಇರುವುದಿಲ್ಲ. ನಮ್ಮ ಚಿತ್ರಗಳನ್ನು ಮುಂದೆ ಯಾರಾದರೂ ಪಕ್ಕಪಕ್ಕ ಇಟ್ಟು ನೋಡಿದರೆ ದಡ ಎಲ್ಲಿತ್ತು, ಎಲ್ಲಿಗೆ ಬಂತು ಎಂದು ತಿಳಿಯಬೇಕಲ್ಲವೇ? ಬಲೆ ಎಳೆಯುವವರು ಚೌಕಟ್ಟಿನೊಳಗೆ ಬಂದರೆ ಬರಲಿ. ಮುಖ ತೆಗೆಯುವುದಿದ್ದರೆ ಮೊದಲು ಕೇಳಿ, ಅವರ ಹಗ್ಗ ದಾಟಿ ಓಡಾಡಬೇಡಿ.

ಬಂಡೆ ಹಾಕುವ ಮುಂಚಿನ ಮರವಂತೆ, ತ್ರಾಸಿಯ ಚಿತ್ರಗಳು ನಿಮ್ಮ ಮನೆಯ ಆಲ್ಬಮ್‌ಗಳಲ್ಲಿದ್ದರೆ ದಯವಿಟ್ಟು ಇಲ್ಲಿ ಹಾಕಿ. ಮಸುಕಾಗಿದ್ದರೂ ಸರಿ, ಮದುವೆಗೆ ಹೋಗುವಾಗ ದಾರಿಯಲ್ಲಿ ನಿಂತು ತೆಗೆಸಿಕೊಂಡದ್ದಾದರೂ ಸರಿ. ಹಿಂಬದಿಯಲ್ಲಿ ಇಸವಿ ಬರೆದಿದ್ದರೆ ಅದನ್ನೂ ತಿಳಿಸಿ.